ಗೆಲ್ಲೋರು ಯಾರು ಅಂತ ಮೊದಲೇ ಗೊತ್ತಿದ್ರೆ ಆಟ ಯಾಕೆ?

ಎರಡು ವರ್ಷದ ಹಿಂದಿನ ಮಾತು. ಮದ್ದೂರು ತಾಲ್ಲೂಕಿನ ನಮ್ಮೂರ ಶಾಲೆ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಫೈನಲ್ ನಡೆಯುತ್ತಿತ್ತು. ರಾತ್ರಿ ಒಂದೂವರೆ ಗಂಟೆ. ಮೊದಲಾರ್ಧ ಮುಗಿದಾಗ ಸ್ಕೋರು 29–6. ಮೈಕ್ ಹಿಡಿದವರು, ‘ದಯವಿಟ್ಟು ಯಾರೂ ಎದ್ದು ಹೋಗಬೇಡಿ, ಬಹುಮಾನ ವಿತರಣೆ ಇದೆ’ ಎಂದು ಪದೇ ಪದೇ ಕೇಳಿಕೊಳ್ಳುತ್ತಿದ್ದರು. ಜನ ಮಾತ್ರ ಏಳುತ್ತಲೇ ಇದ್ದರು. ಹಾಸಿಕೊಂಡಿದ್ದ ಚಾಪೆಗಳನ್ನು ಹೆಂಗಸರು ಸುತ್ತಿಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜನೊಬ್ಬ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು, ‘ಗೆಲ್ಲೋರು ಯಾರು ಅಂತ ಮೊದ್ಲೇ ಗೊತ್ತಿದ್ಮೇಲೆ ಆಟ ಯಾಕ್ಲಾ ನೋಡ್ಬೇಕು? ಹೋಗಿ ಮನೀಕತೀನಿ’ ಎಂದು ಹೊರಟೇ ಹೋದ.

ಅವನ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲೂ ಇರಲಿಲ್ಲ. ಫೈನಲ್‌ನಲ್ಲಿ ಆರ್ಭಟಿಸುತ್ತಿದ್ದ ಅದೇ ತಂಡಕ್ಕೆ ಕ್ವಾರ್ಟರ್ ಫೈನಲ್‌ನಲ್ಲಿ ಸೋತವರು ನಾವು. ಸ್ಕೋರು 47–11. ಎಡ ಕಾರ್ನರ್‌ನಲ್ಲಿ ಆಡುತ್ತಿದ್ದ ನನ್ನ ಮೊಣಕಾಲಿನ ಗಾಯಕ್ಕೆ ಹಚ್ಚಿದ್ದ ಅರಿಸಿನ ಇನ್ನೂ ಒಣಗಿರಲಿಲ್ಲ.

ಆ ತಂಡ ಗೆದ್ದದ್ದು ಸತತ ನಾಲ್ಕನೇ ವರ್ಷ. ಅದರ ಹಿಂದೆ ಹಣವಿರುವ ಒಬ್ಬರಿದ್ದರು. ಏಳು ಜನರಲ್ಲಿ ಆರು ಮಂದಿ ಹೊರಗಿನಿಂದ ಬಂದವರು. ಪಂದ್ಯಕ್ಕಿಷ್ಟು ಎಂದು ದುಡ್ಡು ಪಡೆದು ಆಡುವವರು. ಅದರಲ್ಲಿ ಮೋಸವೇನೂ ಇರಲಿಲ್ಲ. ಹಾಗೆ ಆಡಿಸಬಾರದು ಎಂಬ ನಿಯಮವೇ ನಮ್ಮಲ್ಲಿ ಇರಲಿಲ್ಲ. ನಾನು ಪಿಯುಸಿ ಓದುವಾಗ ಈ ಪಂದ್ಯಾವಳಿಗೆ 24 ತಂಡಗಳು ಬರುತ್ತಿದ್ದವು. ನಾಲ್ಕನೇ ವರ್ಷಕ್ಕೆ ಉಳಿದದ್ದು 9. ‘ಪ್ರವೇಶ ಶುಲ್ಕ ಕಟ್ಟಿ ಒದೆ ತಿನ್ನೋಕೆ ಯಾಕ್ ಬರ್ಬೇಕು’ ಎಂದು ಪಕ್ಕದೂರಿನ ನಾಯಕ ನೇರವಾಗಿಯೇ ಕೇಳಿದ್ದ. ಸೋತವರ ಹೊಟ್ಟೆಕಿಚ್ಚು ಎಂದು ಕೆಲವರು ನಕ್ಕರು. ನನಗೂ ಆಗ ಸ್ವಲ್ಪ ಹಾಗೇ ಅನ್ನಿಸಿತ್ತು. ಬಲಶಾಲಿ ಗೆಲ್ಲುವುದರಲ್ಲಿ ತಪ್ಪೇನಿದೆ?

ಈ ಪ್ರಶ್ನೆ ನಮ್ಮೂರಿನದ್ದು ಮಾತ್ರವಲ್ಲ. ಕೋಟಿಗಟ್ಟಲೆ ಹಣ ಓಡಾಡುವ ವೃತ್ತಿಪರ ಲೀಗ್‌ಗಳೆಲ್ಲ ಇದಕ್ಕೆ ಉತ್ತರ ಹುಡುಕಿಕೊಂಡೇ ಬೆಳೆದಿವೆ. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ ಮಂಡ್ಯದ ಗ್ರಂಥಾಲಯದಲ್ಲಿ ಕೂರುವ ನಾನು, ಬಿಡುವಿನಲ್ಲಿ ಆ ಉತ್ತರಗಳನ್ನು ಓದುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಜೋಡಿ ಕಟ್ಟುವ ವಿದ್ಯೆ

ನಮ್ಮ ಭಾಗದವರಿಗೆ ಈ ವಿಷಯ ಹೊಸದೇನಲ್ಲ. ದಸರಾ ಕುಸ್ತಿ ಶುರುವಾಗುವ ಮೊದಲು ಮೈಸೂರಿನಲ್ಲಿ ‘ಜೋಡಿ ಕಟ್ಟುವ’ ಕಾರ್ಯಕ್ರಮ ನಡೆಯುತ್ತದೆ. ಬೇರೆ ಬೇರೆ ಗರಡಿಗಳ ಪೈಲ್ವಾನರು ಅಲ್ಲಿಗೆ ಬರುತ್ತಾರೆ. ಅವರ ತೂಕ, ವಯಸ್ಸು, ಮೈಕಟ್ಟು, ಹಿಂದಿನ ಕುಸ್ತಿಗಳ ಅನುಭವ ಎಲ್ಲವನ್ನೂ ನೋಡಿ ಹಿರಿಯ ಉಸ್ತಾದರು ಇವನಿಗೆ ಇವನು ಸರಿ ಎಂದು ಜೋಡಿ ಮಾಡುತ್ತಾರೆ. ನೂರು ಕುಸ್ತಿ ಗೆದ್ದ ಪೈಲ್ವಾನನ ಎದುರಿಗೆ ನಿನ್ನೆ ಮೊನ್ನೆ ಮಟ್ಟಿ ಮುಟ್ಟಿದ ಹುಡುಗನನ್ನು ನಿಲ್ಲಿಸಿದರೆ ನೋಡುವವರಿಗೂ ಸುಖವಿಲ್ಲ, ಗೆದ್ದವನಿಗೂ ಮರ್ಯಾದೆಯಿಲ್ಲ ಎಂಬುದು ಅವರಿಗೆ ಗೊತ್ತು.

ಇದೇ ಮಾತನ್ನು 1964ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ ಬರವಣಿಗೆಯಲ್ಲಿಟ್ಟರು. ಅವರು ತೆಗೆದುಕೊಂಡ ಉದಾಹರಣೆ ಬಾಕ್ಸಿಂಗ್‌ನದು. ಜೋ ಲೂಯಿಸ್ ಆ ಕಾಲದ ಮಹಾ ಬಾಕ್ಸರ್. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ಅವರನ್ನು ಸೋಲಿಸಿದ್ದರು. 1938ರಲ್ಲಿ ಮತ್ತೆ ಎದುರಾದಾಗ ಲೂಯಿಸ್ ಮೊದಲ ಸುತ್ತಿನಲ್ಲೇ ಸೇಡು ತೀರಿಸಿಕೊಂಡರು. ಸಾಮಾನ್ಯ ವ್ಯಾಪಾರದಲ್ಲಿ ಎದುರಾಳಿ ಅಂಗಡಿ ಮುಚ್ಚಿದರೆ ನಮಗೆ ಲಾಭ. ಆಟದಲ್ಲಿ ಹಾಗಲ್ಲ. ಶ್ಮೆಲಿಂಗ್‌ನಂಥ ಗಟ್ಟಿ ಎದುರಾಳಿ ಇದ್ದರಷ್ಟೇ ಲೂಯಿಸ್‌ಗೂ ಜನ, ಹಣ, ಹೆಸರು. ಎದುರಾಳಿಗಳೆಲ್ಲ ಮುಗಿದುಹೋದರೆ ಚಾಂಪಿಯನ್ ಕೂಡ ಮುಗಿದಂತೆಯೇ. ನಮ್ಮೂರ ಅಜ್ಜ ಟವೆಲ್ ಕೊಡವಿ ಹೇಳಿದ್ದು ಇದನ್ನೇ ಎಂದು ಓದುವಾಗ ನನಗೆ ನಗು ಬಂತು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಅದಕ್ಕೂ ಮೊದಲೇ, 1936ರಲ್ಲಿ, ಒಂದು ಉಪಾಯ ಮಾಡಿತ್ತು. ಕಾಲೇಜಿನಿಂದ ಹೊರಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳಬೇಕು. ಮೊದಲ ಸರದಿ ಹಿಂದಿನ ವರ್ಷ ಕೊನೇ ಸ್ಥಾನಕ್ಕೆ ಬಿದ್ದ ತಂಡಕ್ಕೆ. ಆಮೇಲೆ, 1994ರಲ್ಲಿ, ಆಟಗಾರರಿಗಾಗಿ ತಂಡವೊಂದು ಖರ್ಚು ಮಾಡುವ ಒಟ್ಟು ಹಣಕ್ಕೂ ಮಿತಿ ಬಂತು. ಬಂಡವಾಳಶಾಹಿಯ ತವರು ಎನ್ನುವ ದೇಶದಲ್ಲೇ ಆಟದ ವಿಷಯಕ್ಕೆ ಬಂದಾಗ ಹಂಚಿಕೊಂಡು ತಿನ್ನುವ ನಿಯಮ ಬಂದದ್ದು ತಮಾಷೆಯಾಗಿ ಕಾಣಬಹುದು. ಅವರಿಗೆ ಅದು ದಾನಧರ್ಮವಲ್ಲ, ಲೆಕ್ಕಾಚಾರ. ಎಲ್ಲ ಊರಿನ ಜನರೂ ಟಿವಿ ಮುಂದೆ ಕೂರಬೇಕಾದರೆ ಎಲ್ಲ ಊರಿನ ತಂಡಕ್ಕೂ ಒಂದು ಆಸೆ ಇರಬೇಕು.

ಇಂಥ ಮಿತಿಗಳು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ಫುಟ್‌ಬಾಲ್ ನೋಡಿ. ಜರ್ಮನಿಯ ಲೀಗ್‌ನಲ್ಲಿ 2013ರಿಂದ 2023ರವರೆಗೆ ಸತತ 11 ವರ್ಷ ಬಯರ್ನ್ ಮ್ಯೂನಿಕ್ ತಂಡವೇ ಚಾಂಪಿಯನ್. ಗೆದ್ದವರಿಗೆ ಯುರೋಪಿನ ದೊಡ್ಡ ಟೂರ್ನಿಯ ಹಣ, ಆ ಹಣದಿಂದ ಎದುರಾಳಿ ತಂಡದ ಒಳ್ಳೆಯ ಆಟಗಾರನ ಖರೀದಿ, ಅದರಿಂದ ಮತ್ತೆ ಗೆಲುವು. ಚಕ್ರ ತಿರುಗುತ್ತಲೇ ಇತ್ತು. 2024ರಲ್ಲಿ ಬಯರ್ ಲೆವರ್‌ಕುಸೆನ್ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದಾಗ ಜರ್ಮನಿಯಾಚೆಗೂ ಜನ ಕುಣಿದರು. ಅವರಲ್ಲಿ ಬಹಳಷ್ಟು ಮಂದಿಗೆ ಲೆವರ್‌ಕುಸೆನ್ ಎಲ್ಲಿದೆ ಎಂಬುದೂ ಗೊತ್ತಿರಲಿಕ್ಕಿಲ್ಲ. ಚಕ್ರ ನಿಂತಿತಲ್ಲ ಎಂಬುದೇ ಸಂತೋಷ.

ಪರ್ಸ್‌ಗೆ ಮಿತಿ, ಆಸೆಗಲ್ಲ

ನಮ್ಮ ದೇಶದ ಲೀಗ್‌ಗಳು ಅಮೆರಿಕದ ದಾರಿಯನ್ನು ನಮ್ಮದೇ ರೀತಿಯಲ್ಲಿ ಹಿಡಿದವು. ಐಪಿಎಲ್ ಹರಾಜಿನಲ್ಲಿ ‘ಪರ್ಸ್’ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ತಂಡ ಕಟ್ಟಲು ಎಲ್ಲರಿಗೂ ಒಂದೇ ಮೊತ್ತ. 2025ರ ಆವೃತ್ತಿಗೆ ಅದು 120 ಕೋಟಿ ರೂಪಾಯಿ. ಕೆಲವು ವರ್ಷಗಳಿಗೊಮ್ಮೆ ಮೆಗಾ ಹರಾಜು ನಡೆಸಿ, ಬೆರಳೆಣಿಕೆಯ ಆಟಗಾರರನ್ನು ಬಿಟ್ಟು ಉಳಿದವರನ್ನೆಲ್ಲ ಮತ್ತೆ ಕಣಕ್ಕೆ ತರುತ್ತಾರೆ.

ಇದರ ಫಲವೇನು? 2008ರಿಂದ 2025ರವರೆಗಿನ 18 ಆವೃತ್ತಿಗಳಲ್ಲಿ ಎಂಟು ಬೇರೆ ಬೇರೆ ತಂಡಗಳು ಗೆದ್ದಿವೆ. ಹಾಗಂತ ಸಮಾನವಾಗಿ ಹಂಚಿಹೋಗಿಲ್ಲ. ಮುಂಬೈ ಇಂಡಿಯನ್ಸ್ ಮತ್ತು ಚೆನ್ನೈ ಸೂಪರ್ ಕಿಂಗ್ಸ್ ತಲಾ ಐದು ಬಾರಿ ಗೆದ್ದಿವೆ. ಅಂದರೆ 18ರಲ್ಲಿ 10 ಕಪ್ ಎರಡೇ ಮನೆಯಲ್ಲಿವೆ. ಆದರೂ ಅದೇ ಮುಂಬೈ 2024ರಲ್ಲಿ ಪಟ್ಟಿಯ ಕೊನೆಗೆ ಬಿತ್ತು. ಮರುವರ್ಷ ಚೆನ್ನೈ ಕೊನೆಗೆ ಬಿತ್ತು. ಅದೇ 2025ರಲ್ಲಿ ನಮ್ಮ ಆರ್‌ಸಿಬಿ ಮೊದಲ ಬಾರಿಗೆ ಕಪ್ ಎತ್ತಿತು. 2009, 2011, 2016ರ ಫೈನಲ್‌ಗಳನ್ನು ಸೋತರೂ ‘ಈ ಸಲ ಕಪ್ ನಮ್ದೇ’ ಎಂದು ವರ್ಷ ವರ್ಷವೂ ಹೇಳಲು ನಮಗೆ ಸಾಧ್ಯವಾದದ್ದು ಯಾಕೆ? ಪ್ರತಿ ಏಪ್ರಿಲ್‌ನಲ್ಲೂ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ ಎಂಬ ನಂಬಿಕೆ ಇದ್ದದ್ದರಿಂದ. ಆ ನಂಬಿಕೆ ಎಷ್ಟು ದೊಡ್ಡದು ಎಂಬುದನ್ನು ಜೂನ್ 4ರಂದು ಬೆಂಗಳೂರಿನಲ್ಲಿ ಸೇರಿದ ಜನಸಾಗರ ತೋರಿಸಿತು. ಅದನ್ನು ನಿಭಾಯಿಸಲಾಗದೆ ಆದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಕಪ್ಪಿನ ನೆನಪಾದಾಗಲೆಲ್ಲ ಅವರ ನೆನಪೂ ಬರುತ್ತದೆ.

ಕಬಡ್ಡಿಯಲ್ಲಿ ಈ ಕಥೆ ಇನ್ನೂ ಸ್ಪಷ್ಟ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಲೀಗ್‌ನಲ್ಲಿ ಪ್ರದೀಪ್ ನರ್ವಾಲ್ ಅವರಿದ್ದ ಪಟ್ನಾ ಪೈರೇಟ್ಸ್ 2016ರಲ್ಲಿ ಎರಡು ಸಲ, 2017ರಲ್ಲಿ ಒಂದು ಸಲ ಹೀಗೆ ಸತತ ಮೂರು ಬಾರಿ ಗೆದ್ದಿತು. ಇನ್ನು ಇವರದ್ದೇ ರಾಜ್ಯಭಾರ ಎಂದುಕೊಂಡವರು ಬಹಳ ಮಂದಿ. ಮುಂದಿನ ಎರಡು ಆವೃತ್ತಿಗಳಲ್ಲಿ ಆ ತಂಡ ಪ್ಲೇಆಫ್‌ಗೂ ಬರಲಿಲ್ಲ. 2019ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಆರನೇ ಆವೃತ್ತಿಯ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಬುಲ್ಸ್ 38–33ರಿಂದ ಗುಜರಾತನ್ನು ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಆ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದ ಹುಡುಗರಲ್ಲಿ ನಾನೂ ಒಬ್ಬ. ಆ ಆರನೇ ಆವೃತ್ತಿಯಿಂದ 11ನೇ ಆವೃತ್ತಿಯವರೆಗೆ ಆರು ಸಲ ಆರು ಬೇರೆ ಬೇರೆ ತಂಡಗಳು ಚಾಂಪಿಯನ್ ಆದವು.

ಮಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೂ ಪವನ್ ಅವರದ್ದೇ ಉದಾಹರಣೆ ಇದೆ. 10ನೇ ಆವೃತ್ತಿಯ ಹರಾಜಿನಲ್ಲಿ ತೆಲುಗು ಟೈಟನ್ಸ್ ಅವರಿಗೆ 2.6 ಕೋಟಿ ರೂಪಾಯಿಗೂ ಸ್ವಲ್ಪ ಹೆಚ್ಚು ಕೊಟ್ಟಿತು. ತಂಡದ ಪರ್ಸ್ ಇದ್ದದ್ದು 5 ಕೋಟಿ. ಅರ್ಧಕ್ಕಿಂತ ಹೆಚ್ಚು ಹಣ ಒಬ್ಬರಿಗೇ ಹೋದ ಮೇಲೆ ಉಳಿದವರಿಗೆ ಎಷ್ಟು ಸಿಗುತ್ತದೆ? ಆ ವರ್ಷ ಟೈಟನ್ಸ್ 12 ತಂಡಗಳಲ್ಲಿ ಕೊನೆಯದಾಯಿತು. ದೇಶದ ಶ್ರೇಷ್ಠ ರೈಡರ್ ಇದ್ದೂ ಸಹ. ಮಿತಿ ಇದ್ದಾಗ ಹಣ ಎಣಿಸಿ, ಯೋಚಿಸಿ ಖರ್ಚು ಮಾಡಬೇಕಾಗುತ್ತದೆ. ಯೋಚಿಸಿದವರು ಗೆಲ್ಲುತ್ತಾರೆ. ನಮ್ಮ ಬುಲ್ಸ್ ಕೂಡ 11ನೇ ಆವೃತ್ತಿಯಲ್ಲಿ ಬರೀ ಎರಡು ಪಂದ್ಯ ಗೆದ್ದು ಕೊನೇ ಸ್ಥಾನಕ್ಕೆ ಬಿದ್ದು, ಮುಂದಿನ ಆವೃತ್ತಿಯಲ್ಲೇ ಎದ್ದು ಪ್ಲೇಆಫ್ ತಲುಪಿತು.

ಎಲ್ಲ ಪಾರುಪತ್ಯವೂ ಒಂದೇ ಅಲ್ಲ

ಇಷ್ಟು ಓದಿದ ಮೇಲೆ, ಒಂದೇ ತಂಡ ಮತ್ತೆ ಮತ್ತೆ ಗೆಲ್ಲುವುದೇ ತಪ್ಪು ಎಂಬ ತೀರ್ಮಾನಕ್ಕೆ ನಾನು ಬಂದುಬಿಟ್ಟಿದ್ದೆ. ಆ ತೀರ್ಮಾನ ತಿದ್ದಿದ್ದು ರಣಜಿ ಟ್ರೋಫಿಯ ಚರಿತ್ರೆ.

ಬಾಂಬೆ ತಂಡ 1958–59ರಿಂದ 1972–73ರವರೆಗೆ ಸತತ 15 ವರ್ಷ ರಣಜಿ ಗೆದ್ದಿತು. ಜಗತ್ತಿನ ಯಾವುದೇ ಆಟಕ್ಕೆ ಹೋಲಿಸಿದರೂ ಇದು ದೊಡ್ಡ ಪಾರುಪತ್ಯವೇ. ಆದರೆ ಆಗ ಹರಾಜೂ ಇರಲಿಲ್ಲ, ಪರ್ಸೂ ಇರಲಿಲ್ಲ. ಶಾಲೆಗಳ ನಡುವೆ ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್. ಮಳೆಗಾಲದ ಒದ್ದೆ ಪಿಚ್‌ಗಳ ಮೇಲೆ ಕಾಂಗಾ ಲೀಗ್. ಮೈದಾನಗಳ ತುಂಬ ಕ್ಲಬ್‌ಗಳು. ಆಟಗಾರರಿಗೆ ಕೆಲಸ ಕೊಡುವ ಕಂಪನಿಗಳು, ಬ್ಯಾಂಕುಗಳು. ಹೀಗೆ ಕೆಳಗಿನಿಂದ ಬೆಳೆಸಿಕೊಂಡು ಬಂದ ಗೆಲುವು ಅದು.

ಅದನ್ನು ಮುರಿದವರು ನಾವು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆ ಋತುವಿನಲ್ಲೇ, 1974ರಲ್ಲಿ, ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕರ್ನಾಟಕ ಬಾಂಬೆಯನ್ನು ಹಿಂದಿಕ್ಕಿತು. ನಾಯಕ ಎರಪಳ್ಳಿ ಪ್ರಸನ್ನ. ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದಲ್ಲಿ ಫೈನಲ್‌ಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ತಂದರು. ಪ್ರಸನ್ನ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. ಓದು ಮುಗಿಸಲೆಂದು ಕೆಲವು ವರ್ಷ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದಲೇ ದೂರ ಉಳಿದಿದ್ದವರು. ವಿಶ್ವನಾಥ್ ಭದ್ರಾವತಿಯವರು, ಬಿ.ಎಸ್. ಚಂದ್ರಶೇಖರ್ ಮೈಸೂರಿನವರು. ಯಾರನ್ನೂ ಕೊಂಡು ತಂದದ್ದಲ್ಲ.

ಬಾಂಬೆಯ 15 ಗೆಲುವುಗಳಿಲ್ಲದೇ ಹೋಗಿದ್ದರೆ ಆ ಸೆಮಿಫೈನಲ್ ಗೆಲುವಿಗೆ ಅಷ್ಟು ತೂಕ ಬರುತ್ತಿತ್ತೇ? ಎತ್ತರದ ಗೋಡೆ ಇದ್ದದ್ದರಿಂದಲೇ ಅದನ್ನು ಹತ್ತುವ ಹಟ ಹುಟ್ಟಿತು. ಮುಂದೆ ಕರ್ನಾಟಕವೂ ಪಾರುಪತ್ಯ ನಡೆಸಿತು. ವಿನಯ್ ಕುಮಾರ್ ನಾಯಕತ್ವದಲ್ಲಿ 2013–14 ಮತ್ತು 2014–15ರ ಎರಡೂ ವರ್ಷ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಬಾಚಿಕೊಂಡಿತು. ಆಗ ಯಾರಾದರೂ ‘ಇದು ಅನ್ಯಾಯ, ಆಟದ ಸಮತೋಲನ ಕೆಟ್ಟಿತು’ ಎಂದಿದ್ದರೆ ನಾವು ಒಪ್ಪುತ್ತಿದ್ದೆವೇ? ಒಪ್ಪುತ್ತಿರಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ.

ಐಪಿಎಲ್‌ನಲ್ಲೂ ಅಷ್ಟೇ. ಮುಂಬೈ ಇಂಡಿಯನ್ಸ್ 2015ರಲ್ಲಿ ಹಾರ್ದಿಕ್ ಪಾಂಡ್ಯ ಅವರನ್ನು ತೆಗೆದುಕೊಂಡದ್ದು 10 ಲಕ್ಷ ರೂಪಾಯಿಗೆ. ಆ ಹಣ ಯಾವ ತಂಡದ ಹತ್ತಿರ ಇರಲಿಲ್ಲ? ಎಲ್ಲರ ಹತ್ತಿರವೂ ಇತ್ತು. ಕಣ್ಣು ಮಾತ್ರ ಅವರಿಗಿತ್ತು. ಇಂಥ ಗೆಲುವಿಗೆ ಅಡ್ಡ ಹಾಕಿದರೆ ಆಟವೇ ಮಂಕಾಗುತ್ತದೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. 47–11ರಲ್ಲಿ ಸೋತ ಆ ರಾತ್ರಿ, ನನ್ನನ್ನು ಎರಡು ಸಲ ಎಳೆದುಕೊಂಡು ಗೆರೆ ಮುಟ್ಟಿದ್ದ ಹೊರಗಿನ ರೈಡರ್, ಪಂದ್ಯ ಮುಗಿದ ಮೇಲೆ ಕೈ ಕೊಟ್ಟು ಎಬ್ಬಿಸಿದ. ‘ಕಾಲು ಹಿಡಿಯೋಕೆ ಮುಂಚೆ ನನ್ನ ಕಣ್ಣು ನೋಡ್ತಿದ್ದೀಯ. ಕಣ್ಣು ಸುಳ್ಳು ಹೇಳುತ್ತೆ. ಸೊಂಟ ನೋಡು’ ಎಂದ. ಐದು ವರ್ಷ ಆಡಿದರೂ ಯಾರೂ ನನಗೆ ಹೇಳಿಕೊಡದಿದ್ದ ಪಾಠ ಅದು. ನಮಗಿಂತ ಬಲಶಾಲಿಗಳ ಎದುರು ಆಡದೇ ಹೋಗಿದ್ದರೆ ಅದು ಸಿಗುತ್ತಿರಲಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಒಂದು ತಂಡ ಬಲವಾಗಿರುವುದು ತಪ್ಪಲ್ಲ. ಉಳಿದವರು ಬಲವಾಗುವ ದಾರಿಯನ್ನು ಅದು ಮುಚ್ಚಿಬಿಡುವುದು ತಪ್ಪು. ಬಾಂಬೆ ಗೆದ್ದಾಗ ಪ್ರಸನ್ನರನ್ನೋ ವಿಶ್ವನಾಥರನ್ನೋ ಬೆಂಗಳೂರಿನಿಂದ ಎತ್ತಿಕೊಂಡು ಹೋಗಲಿಲ್ಲ. ನಮ್ಮೂರ ಪಂದ್ಯಾವಳಿಯಲ್ಲಿ ಆದದ್ದೇ ಅದು. ಮೂರನೇ ವರ್ಷ ಪಕ್ಕದೂರಿನ ತಂಡದಲ್ಲಿ ಒಬ್ಬ ಒಳ್ಳೆಯ ರೈಡರ್ ಹುಟ್ಟಿಕೊಂಡ. ನಾಲ್ಕನೇ ವರ್ಷ ಅವನು ಚಾಂಪಿಯನ್ ತಂಡದ ಬೆಂಚಿನ ಮೇಲೆ ಕೂತಿದ್ದ. ಆಡಿಸಿದ್ದೂ ಕಡಿಮೆ. ಅವನು ಎದುರಿಗೆ ಇರಬಾರದು ಎಂಬುದಷ್ಟೇ ಬೇಕಿತ್ತು.

ಇಬ್ಬರೇ ಹೊರಗಿನವರು

ಕಳೆದ ವರ್ಷ ನಮ್ಮೂರ ಸಮಿತಿ ಸಭೆ ಸೇರಿತು. ಪಂದ್ಯಾವಳಿ ನಿಲ್ಲಿಸಿಬಿಡೋಣ ಎಂದು ಕೆಲವರು. ಚಾಂಪಿಯನ್ ತಂಡವನ್ನೇ ಕರೆಯಬಾರದು ಎಂದು ಇನ್ನು ಕೆಲವರು. ಎರಡೂ ಬೇಡ ಎಂದು ಹುಡುಗರೆಲ್ಲ ಪಟ್ಟು ಹಿಡಿದೆವು. ನಾವು ಮುಂದಿಟ್ಟದ್ದು ಎರಡೇ ನಿಯಮ. ಒಂದು, ಪ್ರತಿ ತಂಡದಲ್ಲಿ ತಾಲ್ಲೂಕಿನ ಹೊರಗಿನವರು ಇಬ್ಬರಿಗಿಂತ ಹೆಚ್ಚಿರಬಾರದು. ಆಧಾರ್ ಕಾರ್ಡ್ ತೋರಿಸಬೇಕು. ಎರಡು, ಹಿಂದಿನ ವರ್ಷದ ಮೊದಲ ನಾಲ್ಕು ತಂಡಗಳು ಬೇರೆ ಬೇರೆ ಗುಂಪಿನಲ್ಲಿರಬೇಕು, ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯ ಸಿಗಬೇಕು. ಒಂದು ಸೋಲಿಗೇ ಗಂಟು ಮೂಟೆ ಕಟ್ಟುವ ಪದ್ಧತಿ ಬೇಡ.

ಒಬ್ಬ ಹಿರಿಯರು ಎತ್ತಿದ ಪ್ರಶ್ನೆ ನಿಜವಾಗಿಯೂ ಗಟ್ಟಿಯಾಗಿತ್ತು. ‘ದುಡ್ಡಿಗೆ ಆಡೋ ಹುಡುಗ್ರೂ ಬಡವರ ಮಕ್ಳೇ ಕಣಪ್ಪ. ಅವರ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?’ ಎಂದರು. ಸಭೆ ಸುಮ್ಮನಾಯಿತು. ನನಗೆ ಅದುವರೆಗೂ ಹೊಳೆಯದಿದ್ದ ಲೆಕ್ಕ ಆಗ ಹೊಳೆಯಿತು. ಮಿತಿ ಇಲ್ಲದಾಗ ದುಡ್ಡು ಪಡೆದು ಆಡುತ್ತಿದ್ದವರು ಒಂದೇ ತಂಡದ ಆರು ಜನ. ತಂಡಕ್ಕೆ ಇಬ್ಬರಂತೆ ಇಟ್ಟು 15 ತಂಡ ಬಂದರೂ 30 ಜನಕ್ಕೆ ಅವಕಾಶ. ಸಂಭಾವನೆ ಒಬ್ಬೊಬ್ಬರಿಗೆ ಸ್ವಲ್ಪ ಕಡಿಮೆಯಾಗಬಹುದು. ಆದರೆ ಆರು ಮನೆಗೆ ಹೋಗುತ್ತಿದ್ದದ್ದು ಹೆಚ್ಚು ಮನೆಗಳಿಗೆ ಹೋಗುತ್ತದೆ. ಮೇಲಾಗಿ ಹೊರಗಿನಿಂದ ಬಂದ ಆಟಗಾರ ಪ್ರತಿ ತಂಡದಲ್ಲೂ ಐದು ಹುಡುಗರಿಗೆ ಪಾಠ ಹೇಳುವ ಮೇಷ್ಟ್ರೂ ಆಗುತ್ತಾನೆ. ರಣಜಿಯಲ್ಲೂ ಹೊರರಾಜ್ಯದ ವೃತ್ತಿಪರರನ್ನು ಆಡಿಸಲು ಅವಕಾಶವಿದೆ, ಆದರೆ ಮಿತಿಯೂ ಇದೆ ಎಂದು ಹೇಳಿದೆ. ಹಿರಿಯರು ಒಪ್ಪಿದರು.

ಆ ವರ್ಷ 17 ತಂಡಗಳು ಬಂದವು. ಫೈನಲ್ ರಾತ್ರಿ ಅಜ್ಜ ಮೊದಲ ಸಾಲಿನಲ್ಲೇ ಕೂತಿದ್ದ. ಕೊನೆಯ ನಿಮಿಷದವರೆಗೂ ಯಾರೂ ಏಳಲಿಲ್ಲ. ಸ್ಕೋರು 31–29.

ಗೆದ್ದದ್ದು ಯಾರು ಗೊತ್ತೇ? ಅದೇ ಹಳೇ ಚಾಂಪಿಯನ್ ತಂಡ.

ಇದನ್ನು ಹೇಳಿದಾಗ ಗೆಳೆಯರು ‘ಹಾಗಾದ್ರೆ ನಿಮ್ ನಿಯಮ ಏನ್ ಪ್ರಯೋಜನ ಆಯ್ತು?’ ಎಂದು ನಗುತ್ತಾರೆ. ನನಗೆ ಮಾತ್ರ ಅದೇ ನಿಯಮದ ದೊಡ್ಡ ಗೆಲುವಾಗಿ ಕಾಣುತ್ತದೆ. ಗೆದ್ದವರು ಈ ಸಲ ತಮ್ಮದೇ ತಾಲ್ಲೂಕಿನ ಐದು ಹುಡುಗರನ್ನು ತಯಾರು ಮಾಡಿಕೊಂಡು ಬಂದಿದ್ದರು. ಸೋತವರು ಎರಡು ಅಂಕದಿಂದ ಸೋತಿದ್ದರು. ಮುಂದಿನ ವರ್ಷ ಎಲ್ಲಿ ಸರಿ ಮಾಡಿಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿತ್ತು. ನಾವೂ ಆ ಚಾಂಪಿಯನ್ನರಿಗೆ ಗುಂಪಿನ ಹಂತದಲ್ಲಿ ಸೋತೆವು, 34–27ರಲ್ಲಿ. ಆ ಪಂದ್ಯದಲ್ಲಿ ನಾನು ಸೊಂಟ ನೋಡಿ ಮೂರು ಸಲ ಕಾಲು ಹಿಡಿದೆ.

ಕೊನೇ ಭಾಗದವರ ಮಾತು

ಇಷ್ಟು ದೂರ ಓದಿದ ಗೆಳೆಯರಿಗೆ, ಕಬಡ್ಡಿ ವಿಷಯಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಅನ್ನಿಸಬಹುದು. ನನ್ನಂತೆಯೇ ನೀವೂ ಅರ್ಜಿ ಹಾಕಿ, ಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿರುವವರಾದರೆ ಇದು ನಿಮ್ಮದೂ ವಿಷಯ. ದೊಡ್ಡ ಊರಿನಲ್ಲಿ ರೂಮು ಮಾಡಿ, ಸಾವಿರಾರು ರೂಪಾಯಿ ಕೊಟ್ಟು ಕೋಚಿಂಗ್‌ಗೆ ಹೋಗುವವರೂ, ಬೆಳಿಗ್ಗೆ ಹಾಲು ಡೇರಿಗೆ ಹಾಕಿ ಬಸ್ ಹಿಡಿದು ಗ್ರಂಥಾಲಯಕ್ಕೆ ಬರುವವರೂ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತೇವೆ. ಕೋಚಿಂಗ್‌ಗೆ ಹೋದವರ ಶ್ರಮದ ಬಗ್ಗೆ ನನಗೆ ತಕರಾರಿಲ್ಲ. ಅವರೂ ರಾತ್ರಿಯೆಲ್ಲ ಓದಿರುತ್ತಾರೆ. ನನಗೆ ಅವರ ಅಂಕ ಕಡಿಮೆ ಮಾಡುವುದು ಬೇಕಿಲ್ಲ. ನಮ್ಮ ತಾಲ್ಲೂಕು ಗ್ರಂಥಾಲಯಕ್ಕೂ ಹೊಸ ಪುಸ್ತಕ ಬರಲಿ, ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿರಲಿ, ಪರೀಕ್ಷೆಗಳು ಹೇಳಿದ ದಿನಕ್ಕೆ ನಡೆಯಲಿ. ಇಷ್ಟೇ ನಮ್ಮ ‘ಪರ್ಸ್’.

ನಾಲೆಯ ಕೊನೇ ಭಾಗದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಆರ್‌ಎಸ್‌ನಲ್ಲಿ ನೀರು ತುಂಬಿದ್ದರೂ ಮದ್ದೂರು, ಮಳವಳ್ಳಿಯ ಕೊನೇ ಗದ್ದೆಗೆ ಅದು ತಾನಾಗಿಯೇ ಬರುವುದಿಲ್ಲ. ಮೇಲಿನವರ ತೂಬು ತೆರೆದೇ ಇದ್ದರೆ ನಮಗೆ ಉಳಿಯುವುದು ಒಣ ಕಾಲುವೆ. ಅದಕ್ಕೇ ಕಟ್ಟು ಪದ್ಧತಿ ಇದೆ: ಇಷ್ಟು ದಿನ ನೀರು ಬಿಡುವುದು, ಇಷ್ಟು ದಿನ ನಿಲ್ಲಿಸುವುದು, ಸರದಿ ಪ್ರಕಾರ ಹಾಯಿಸುವುದು. ಇದರಿಂದ ಮೇಲಿನ ರೈತನಿಗೆ ಬೆಳೆ ಬೆಳೆಯಬೇಡ ಎಂದು ಯಾರೂ ಹೇಳಿದಂತಾಗಲಿಲ್ಲ. ನೀರು ಬಂದ ಮೇಲೆ ಯಾರು ಚೆನ್ನಾಗಿ ಉಳುತ್ತಾರೋ ಅವರ ಬೆಳೆ ಚೆನ್ನಾಗಿರುತ್ತದೆ. ಪ್ರೊ ಕಬಡ್ಡಿಯ ಪರ್ಸ್ ಮಿತಿಯಾಗಲಿ, ಅಮೆರಿಕದವರ ಸರದಿಯಾಗಲಿ, ನಮ್ಮೂರ ಇಬ್ಬರು ಹೊರಗಿನವರ ನಿಯಮವಾಗಲಿ ಮಾಡುವುದು ಇಷ್ಟೇ ಕೆಲಸ.

ಕಬಡ್ಡಿ ಆಡಿದವರಿಗೆ ‘ಸೂಪರ್ ಟ್ಯಾಕಲ್’ ಗೊತ್ತು. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ರೈಡರನ್ನು ಹಿಡಿದರೆ ಒಂದು ಅಂಕ ಹೆಚ್ಚು. ಕಡಿಮೆ ಜನ ಇದ್ದೀರಿ ಎಂದು ಯಾರೂ ಸುಮ್ಮನೆ ಅಂಕ ಕೊಡುವುದಿಲ್ಲ. ಹಿಡಿಯಲೇಬೇಕು, ಮೊಣಕಾಲು ತರಚಿಕೊಳ್ಳಲೇಬೇಕು. ಹಿಡಿದರೆ ಮಾತ್ರ ಆ ಶ್ರಮಕ್ಕೆ ಸ್ವಲ್ಪ ಹೆಚ್ಚಿನ ಬೆಲೆ. ಸೋಲುತ್ತಿರುವವರನ್ನು ಆಟದೊಳಗೆ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ಆದ್ದರಿಂದ ನಮ್ಮ ಜಿಲ್ಲೆಯಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾವಳಿ ನಡೆಸುವ ಗೆಳೆಯರಲ್ಲಿ ನನ್ನದೊಂದು ಮನವಿ. ಮೊದಲ ಬಹುಮಾನದ ಮೊತ್ತವನ್ನು ಫ್ಲೆಕ್ಸ್‌ನಲ್ಲಿ ದೊಡ್ಡದಾಗಿ ಹಾಕುವ ಮುಂಚೆ ಒಂದು ಸಲ ಹೊರಗಿನ ಆಟಗಾರರ ಮಿತಿ ಬಗ್ಗೆ ಯೋಚಿಸಿ. ಮೊದಲ ಬಹುಮಾನದಿಂದ ಸ್ವಲ್ಪ ತೆಗೆದು, ಸ್ಥಳೀಯ ಹುಡುಗರನ್ನೇ ಆಡಿಸಿದ ತಂಡಕ್ಕೆ ಒಂದು ಬಹುಮಾನ ಇಡಿ. ಪ್ರತಿ ತಂಡಕ್ಕೂ ಎರಡು ಮೂರು ಪಂದ್ಯ ಸಿಗುವಂತೆ ಮಾಡಿ. ಬಲಶಾಲಿ ತಂಡವನ್ನು ಕರೆಯಿರಿ, ಅವರು ಬರಲಿ, ಗೆಲ್ಲಲಿ. ಆದರೆ ಬೆವರು ಸುರಿಸಿ ಗೆಲ್ಲಲಿ.

ಈ ವರ್ಷದ ಪಂದ್ಯಾವಳಿಗೆ ಆಗಲೇ 20 ತಂಡಗಳು ಹೆಸರು ಕೊಟ್ಟಿವೆ. ನನಗೆ ಅದೇ ವಾರ ಒಂದು ಪರೀಕ್ಷೆಯೂ ಇದೆ. ಎರಡಕ್ಕೂ ತಯಾರಿ ನಡೆಸಿದ್ದೇನೆ. ಮೊನ್ನೆ ಅಜ್ಜ ಅರಳಿಕಟ್ಟೆಯ ಹತ್ತಿರ ಸಿಕ್ಕಿ, ‘ಈ ಸಲ ಯಾರ್ ಗೆಲ್ತಾರ್ಲಾ?’ ಎಂದು ಕೇಳಿದ.

‘ಗೊತ್ತಿಲ್ಲ ಅಜ್ಜ’ ಎಂದೆ.

‘ಹಂಗಾರೆ ಬತ್ತೀನಿ ಬುಡು’ ಎಂದ.